ನಾಲಿಗೆ ಚಾಚಿದ ಸಿಂಹ

ಮೈದುನನ ಅಭಿರುಚಿಯ ಬಗ್ಗೆ ಅತ್ತಿಗೆಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅವನ ಮನೆಯ ಬಾಗಿಲ ಹಿಡಿಯೇ ಒಂದು ಹಿತ್ತಾಳೆ ಮೊಸಳೆ. ಹಿಡಿದವರ ಅಂಗೈಗೆ ಹಲ್ಲು ಚುಚ್ಚುತ್ತಿತ್ತು. ಅಂಥವನು ನೈಟ್‌ಕ್ಲಬ್ ತೆರೀತೀನಿ, ಒಳಗಿನ ಅಲಂಕಾರ ನೀವೇ ಮಾಡಿಕೊಡಬೇಕು ಅಂತ ಬಂದಾಗ ಅವಳು ಒಪ್ಪಿದ್ದು ಮುಲಾಜಿಗಲ್ಲ. ಹೋಟೆಲು, ಅಂಗಡಿ ಅಂತ ಊರು ತುಂಬ ಕೆಲಸ ಮಾಡಿ ಒಳ್ಳೆ ಹೆಸರು ತೆಗೆದುಕೊಂಡವಳು. ಕತ್ತಲನ್ನೇ ಬಳಸಿ ಒಂದು ಜಾಗ ಕಟ್ಟಬೇಕು ಅನ್ನುವ ಆಸೆಯೊಂದು ಮಾತ್ರ ಹಾಗೇ ಉಳಿದಿತ್ತು.

ನಕ್ಷೆ ತೋರಿಸಿದಳು. ಕಪ್ಪು ಕಲ್ಲಿನ ಕೌಂಟರು, ಗೋಡೆಗೆ ಸುಟ್ಟ ಮರ, ಮೇಜಿನ ಮೇಲಷ್ಟೇ ಬೀಳುವ ಬೆಳಕು. ಮೈದುನ ಆಕಳಿಸಿದ.

"ಯಾರೋ ಸತ್ತ ಮನೆ ಇದ್ದ ಹಾಗಿದೆಯಲ್ಲ ಅತ್ತಿಗೆ! ಒಂದು ಜಲಪಾತ ಹಾಕಿ. ಸಿಂಹಾಸನ ಹಾಕಿ. ಕುಡಿಯೋಕೆ ಬಂದವನು ತಾನೇ ರಾಜ ಅಂದ್ಕೋಬೇಕು."

"ಎದ್ದು ಹೋಗೋವಾಗ ಬೀಳ್ತಾನಲ್ಲ, ಆಗ?"

"ಬಿದ್ದ ರಾಜ!" ಅಂತ ತೊಡೆ ತಟ್ಟಿಕೊಂಡು ನಕ್ಕ.

ಅತ್ತಿಗೆಗೆ ಮೈಯೆಲ್ಲ ಉರಿಯಿತು. ಪೂರ್ತಿ ಕೆಲಸಕ್ಕೆ ಮುಂಚೆ ಒಂದು ಮೂಲೆಯನ್ನು ಮಾದರಿಗೆಂದು ಕಟ್ಟಿ ತೋರಿಸುವುದು ಅವಳ ಪದ್ಧತಿ. ಆಗಲಿ, ಇವನ ಆಸೆಯನ್ನೇ ಕಣ್ಣಿಗೆ ರಾಚುವ ಹಾಗೆ ಕಟ್ಟೋಣ. ನೋಡಿ ನಾಚಿಕೆಯಾದರೆ ತಾನಾಗೇ ನನ್ನ ನಕ್ಷೆಗೆ ಬರುತ್ತಾನೆ ಅಂದುಕೊಂಡಳು. ನೇರಳೆ ಮಖಮಲ್ಲಿನ ಕುರ್ಚಿ, ಅದರ ಕೈಗಳ ತುದಿಗೆ ಬಂಗಾರದ ಬಣ್ಣದ ಸಿಂಹದ ತಲೆ, ಮೇಲೆ ಛಾವಣಿಗೆ ಕನ್ನಡಿ, ಬೆನ್ನ ಹಿಂದೆ ಸುರಿಯುವ ನೀರು. ಸಿಂಹ ನಾಲಿಗೆ ಚಾಚಿರಲಿ ಅಂದಾಗ ಬಡಗಿ ಉಳಿ ಕೆಳಗಿಟ್ಟ.

"ಇದು ಯಾರ ಮೇಲಿನ ಸಿಟ್ಟಮ್ಮಾ?"

"ನಿನಗ್ಯಾಕೆ? ಇನ್ನೂ ಉದ್ದ ಮಾಡು."

ಮೈದುನ ಬಂದ. ಕೂತ. ಛಾವಣಿಯಲ್ಲಿ ತನ್ನನ್ನೇ ನೋಡಿಕೊಂಡು ಕೂದಲು ಸರಿಮಾಡಿಕೊಂಡ. ಸಿಂಹದ ನಾಲಿಗೆಯ ಮೇಲೆ ಬೆರಳಾಡಿಸಿದ.

"ಇದೇ! ಇಡೀ ಕ್ಲಬ್ಬಿಗೆ ಇದೇ ಇರಲಿ. ನೀವು ಸುಸ್ತಾಗಿದ್ರೆ ಬಿಡಿ, ಬಡಗಿ ಅಳತೆ ಇಟ್ಕೊಂಡಿದ್ದಾನೆ. ಬಾಗಿಲ ಪಕ್ಕ ನಿಮ್ಮ ಹೆಸರಿನ ಫಲಕ ಹಾಕಿಸ್ತೀನಿ."

ಕ್ಲಬ್ಬು ತೆರೆಯುವ ದಿನ ಅತ್ತಿಗೆಯ ಕಸುಬಿನವರೆಲ್ಲ ಬರುತ್ತಾರೆ. ಇದನ್ನು ನೋಡಿದ ಮೇಲೆ ಅವಳಿಗೆ ಯಾರು ಕೆಲಸ ಕೊಟ್ಟಾರು?

"ಹೆಸರು ಗಿಸರು ಏನೂ ಬೇಡಪ್ಪ."

"ಅಯ್ಯೋ, ನನ್ನ ಹತ್ರ ಎಂಥ ಸಂಕೋಚ!"

"ಸಂಕೋಚ ಅಲ್ಲ ಕಣೋ! ನಿನ್ನ ಆಡಿಕೊಳ್ಳೋಕೆ ಅಂತಲೇ ಮಾಡಿದ್ದು ಇದು. ಇಷ್ಟೂ ಗೊತ್ತಾಗಲ್ವಾ?"

ಮೈದುನ ಕುರ್ಚಿ ಬಿಟ್ಟು ಏಳಲಿಲ್ಲ. ಮುಖದ ನಗುವೂ ಹೋಗಲಿಲ್ಲ.

"ಗೊತ್ತು ಅತ್ತಿಗೆ. ಈ ನಾಲಿಗೆ ನೋಡಿದಾಗಲೇ ಗೊತ್ತಾಯ್ತು. ನನಗಂತೂ ಇಷ್ಟ ಆಗಿದೆ, ಕುಡಿಯೋರಿಗೂ ಆಗುತ್ತೆ. ನಗೋರು ನಾಲ್ಕು ಜನ ಬಂದೇ ಬರ್ತಾರೆ. ಯಾರನ್ನ ನೋಡಿ ನಗಬೇಕು ಅಂತ ಅವರಿಗೂ ಗೊತ್ತಾಗಬೇಕಲ್ಲ?"

ಬಡಗಿಯನ್ನು ಕರೆದು ಫಲಕದ ಅಗಲವನ್ನು ಎರಡೂ ಕೈ ಚಾಚಿ ತೋರಿಸಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, ತುಂಬ ವಿನಯದಿಂದ ಕೇಳಿದ:

"ಜೊತೆಗೆ ಅಣ್ಣನ ಹೆಸರೂ ಹಾಕಿಸ್ಲಾ, ನಿಮ್ಮದೊಂದೇ ಸಾಕಾ?"