ಕಣ್ಣಾರೆ ಕಂಡ ಸೀಲು

ದೋನ್ ಎವಾರಿಸ್ತೊ ಅಂಕಿಗಳನ್ನು ಎಂದೂ ಜೋಡಿಸಿ ಓದಿದವರಲ್ಲ. ನಲವತ್ತೇಳು ಎಂಬುದು ಅವರ ಬಾಯಲ್ಲಿ ನಾಲ್ಕು, ಏಳು. ನಡುವೆ ಒಂದು ಸಣ್ಣ ಉಸಿರು, ಆ ಉಸಿರಿಗೆ ತಾಳ ಹಾಕುವಂತೆ ಬಲಗೈಯ ತೋರುಬೆರಳು ಮೇಜನ್ನು ಒಮ್ಮೆ ಕುಟ್ಟುವುದು. ಫೋನ್ ನಂಬರಾಗಲಿ, ಬೂಟಿನ ಅಳತೆಯಾಗಲಿ, ಆಸ್ಪತ್ರೆಯ ಸರದಿ ಚೀಟಿಯಾಗಲಿ, ಎಲ್ಲಕ್ಕೂ ಅದೇ ಕ್ರಮ. ಕೆಲಸಕ್ಕೆ ಸೇರಿದ ದಿನ ನಾನು ಸಂಕೋಚದಿಂದಲೇ ಅವರ ವಯಸ್ಸು ಕೇಳಿದಾಗ ಬಂದ ಉತ್ತರ, "ಆರು, ಮೂರು." ನನಗೆ ನಗು ಬಂತು, ಅವರಿಗೆ ಬರಲಿಲ್ಲ. "ಜೋಡಿಸಿದ ಕೂಡಲೇ ಮನಸ್ಸು ಓದೋದನ್ನ ಬಿಟ್ಟು ಊಹಿಸೋಕೆ ಶುರು ಮಾಡುತ್ತೆ, ಮಗಳೇ. ನಮ್ಮ ಕೆಲಸದಲ್ಲಿ ಊಹೆ ಮಾಡೋನು ಬೇರೆಯವರ ಅನ್ನದ ತಟ್ಟೆಗೆ ಕೈ ಹಾಕ್ತಾನೆ," ಎಂದರು.

ನಮ್ಮದು ನುಎವೊ ಲಾರೆದೊದಲ್ಲಿ, ಸೇತುವೆಗೆ ಹೋಗುವ ರಸ್ತೆಯ ಮೇಲೆ, ಲಾರಿ ದಾಟಿಸುವ ಒಂದು ಸಣ್ಣ ಕಂಪನಿ. ಮೆಕ್ಸಿಕೊದ ಒಳಗಿನ ಕಾರ್ಖಾನೆಗಳಿಂದ ಬಂದ ಟ್ರೇಲರುಗಳನ್ನು ನಮ್ಮ ಅಂಗಳದಲ್ಲಿ ನಮ್ಮ ಲಾರಿಗಳಿಗೆ ಕಟ್ಟಿ, ಗಡಿಯ ಹೊಳೆಯಾಚೆಯ ದೇಶಕ್ಕೆ ಮುಟ್ಟಿಸಿ ಬರುವುದಷ್ಟೇ ಕೆಲಸ. ಆದರೆ ಲಾರಿ ಸೇತುವೆ ಮುಟ್ಟುವ ಒಂದು ಗಂಟೆ ಮೊದಲೇ ಅದರ ಸರಕುಪಟ್ಟಿ ಕಂಪ್ಯೂಟರಿನ ಮೂಲಕ ಆ ದಡದ ಸುಂಕದವರನ್ನು ಮುಟ್ಟಿರಬೇಕು: ಯಾವ ಚಾಲಕ, ಯಾವ ಲಾರಿ, ಯಾವ ಟ್ರೇಲರ್, ಒಳಗೆ ಏನು, ಬಾಗಿಲಿಗೆ ಹಾಕಿದ ಸೀಲಿನ ಸಂಖ್ಯೆ ಎಷ್ಟು. ಚಾಲಕನ ಕೈಯಲ್ಲಿರುವುದು ನಾವು ಅಚ್ಚು ಮಾಡಿಕೊಟ್ಟ ಒಂದೇ ಹಾಳೆ. ಸೇತುವೆಯ ಸುಂಕದ ಗೂಡಿನಲ್ಲಿ ಕೂತ ಅಧಿಕಾರಿ ಆ ಹಾಳೆಯ ಗೀಟುಗಳಿಗೆ ಕೆಂಪು ಬೆಳಕು ತೋರಿಸುತ್ತಾನೆ, ಪರದೆ ನೋಡುತ್ತಾನೆ, ಲಾರಿ ನೋಡುತ್ತಾನೆ. ಎರಡೂ ಒಂದೇ ಆಗಿದ್ದರೆ ಹೋಗು ಎನ್ನುತ್ತಾನೆ. ಒಂದೇ ಆಗಿರದಿದ್ದರೆ, ಅದರಲ್ಲೂ ಸೀಲಿನ ಸಂಖ್ಯೆ ಬೇರೆಯಾಗಿದ್ದರೆ, ದಾರಿಯಲ್ಲಿ ಬಾಗಿಲು ತೆರೆದಿದೆ ಎಂದು ಅರ್ಥ. ನಮ್ಮ ಊರಿನಲ್ಲಿ ತೆರೆದ ಬಾಗಿಲಿನ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ.

ಬೇರೆ ಕಂಪನಿಗಳಲ್ಲಿ ಕಾರ್ಖಾನೆಯವರು ಕಳಿಸಿದ ಕಾಗದ ನೋಡಿ, ಟ್ರೇಲರ್ ಇನ್ನೂ ಹೆದ್ದಾರಿಯಲ್ಲಿ ಇರುವಾಗಲೇ, ಪಟ್ಟಿ ತುಂಬಿ ಕಳಿಸಿಬಿಡುತ್ತಾರೆ. ಟ್ರೇಲರ್ ಬಂದಿತೋ, ಕಟ್ಟಿದರೋ, ಹೊರಟಿತೋ, ಮುಗಿಯಿತು. ದೋನ್ ಎವಾರಿಸ್ತೊ ಮಾತ್ರ ಆ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿಡುತ್ತಿದ್ದರು. "ಕಾಗದ ಬೇರೆಯವರ ಕಣ್ಣು," ಎನ್ನುವುದು ಅವರ ಸೂತ್ರ. ಟ್ರೇಲರ್ ಅಂಗಳಕ್ಕೆ ಬಂದು ನಿಂತ ಮೇಲೆ ಎದ್ದು, ಗೂಟದ ಮೇಲಿನ ಕಂದು ಉಣ್ಣೆಯ ಕೋಟು ತೊಟ್ಟು ಹೊರಡುವರು. ಹೊರಗೆ ಆಗಸ್ಟ್ ತಿಂಗಳ ಬಿಸಿಲಿಗೆ ಡಾಂಬರು ಕರಗುತ್ತಿದ್ದರೂ ಕೋಟು ತಪ್ಪುತ್ತಿರಲಿಲ್ಲವಂತೆ. ಅದರ ಒಂದು ಜೇಬಿನಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸೀಲು ಒರೆಸುವ ಬಟ್ಟೆ, ಒಳಜೇಬಿನಲ್ಲಿ ಪೆನ್ನು. ಟ್ರೇಲರುಗಳ ನಡುವಿನ ಇಕ್ಕಟ್ಟಿನಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆದು ನಡೆದು ಅವರಿಗೆ ಬಯಲಿನಲ್ಲೂ ಅದೇ ನಡಿಗೆ ಅಂಟಿಕೊಂಡಿತ್ತು. ಚರ್ಚಿನಿಂದ ಹೊರಬರುವಾಗಲೂ ಒಂದು ಭುಜ ಮುಂದೆ, ತಲೆ ಸ್ವಲ್ಪ ಬಲಕ್ಕೆ ವಾಲಿ, ಎದುರಿಗೆ ಬಂದವರ ಎದೆಮಟ್ಟದಲ್ಲಿ ಏನೋ ಸಂಖ್ಯೆ ಹುಡುಕುತ್ತಿರುವಂತೆ ಕಾಣುತ್ತಿದ್ದರು. ಸೀಲನ್ನು ಒರೆಸಿ, ಎರಡು ಸಲ ಜಗ್ಗಿ, ಅಂಕಿ ಅಂಕಿಯಾಗಿ ಗಟ್ಟಿಯಾಗಿ ಓದಿ, ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡು ಬರುವರು. ಆಮೇಲೆ ಪಟ್ಟಿ. ಆಮೇಲೆ ಲಾರಿಗೆ ಒಂದು ಗಂಟೆಯ ಕಾಯುವಿಕೆ.

ಆ ಒಂದು ಗಂಟೆಗಾಗಿ ಚಾಲಕರು ಅವರನ್ನು ಶಪಿಸದ ದಿನವಿಲ್ಲ. ಬೇರೆ ಕಡೆ ದಿನಕ್ಕೆ ಮೂರು ಸಲ ದಾಟಿದರೆ ನಮ್ಮಲ್ಲಿ ಎರಡೇ. ಎಲ್ಲರಿಗಿಂತ ದೊಡ್ಡ ಬಾಯಿ ನಿಕಾನೊರನದು. ದೊಡ್ಡ ಹೊಟ್ಟೆಯ, ಮೂರು ಹೆಣ್ಣುಮಕ್ಕಳ ತಂದೆ, ನಮ್ಮಲ್ಲಿ ಅತ್ಯಂತ ಹಳೆಯ ಚಾಲಕ. ಕಿಟಕಿಗೆ ಮೊಣಕೈ ಊರಿ ನಿಂತು ಅವನು ಶುರು ಮಾಡುತ್ತಿದ್ದ.

"ದೋನ್ ಎವಾರಿಸ್ತೊ, ನನ್ ಹೆಂಡ್ತಿ ಮೂರು ಹೆತ್ತಳು. ಮೂರೂ ಸೇರಿಸಿದ್ರೂ ಇಷ್ಟ್ ಹೊತ್ತು ಕಾಯಿಸ್ಲಿಲ್ಲ ಕಣ್ರೀ."

"ಅವಳನ್ನ ಸೇತುವೆ ಮೇಲೆ ಯಾರೂ ತಡೆದು ಕೇಳಲ್ವಲ್ಲ."

"ನಿಮ್ ಹೆಣ ಎತ್ತೋವಾಗ್ಲೂ ಪೆಟ್ಟಿಗೆಗೆ ಸೀಲ್ ಹಾಕಿ ಒಂದ್ ಗಂಟೆ ಕಾಯಿಸ್ತೀನಿ, ನೋಡ್ತಾ ಇರಿ."

"ಕಾಯ್ಸು. ಸಂಖ್ಯೆ ಮಾತ್ರ ಸರಿಯಾಗಿ ಓದು."

ಮಾತು ಹೀಗಿದ್ದರೂ ನಿಕಾನೊರ್ ಬೇರೆ ಕಂಪನಿಗೆ ಹೋಗಲಿಲ್ಲ, ಬೇರೆ ಯಾರೂ ಹೋಗಲಿಲ್ಲ. ದೋನ್ ಎವಾರಿಸ್ತೊ ಬಂದ ಹನ್ನೊಂದು ವರ್ಷಗಳಲ್ಲಿ ಪಟ್ಟಿಯ ತಪ್ಪಿಗೆ ನಮ್ಮ ಒಂದು ಲಾರಿಯೂ ಗೂಡಿನಿಂದ ಪಕ್ಕಕ್ಕೆ ಸರಿದು ನಿಂತಿರಲಿಲ್ಲ. ಚಾಲಕನ ಸಂಪತ್ತೆಂದರೆ ಆ ದಡದವರು ಕೊಡುವ ನಂಬಿಕೆಯ ಕಾರ್ಡು. ಅದಿದ್ದವನಿಗೆ ಬೇರೆ ಸಾಲು, ಬೇರೆ ಮರ್ಯಾದೆ, ಅದು ಹೋದವನನ್ನು ಈ ರಸ್ತೆಯಲ್ಲಿ ಯಾವ ಕಂಪನಿಯೂ ಒಳಗೆ ಕರೆಯುವುದಿಲ್ಲ. ದೋನ್ ಎವಾರಿಸ್ತೊ ಪಟ್ಟಿ ಕಳಿಸಿದ್ದಾರೆಂದರೆ ಕಾರ್ಡು ತಾಯಿಯ ಮಡಿಲಿನಲ್ಲಿದೆ ಎಂದು ಚಾಲಕರ ಭಾವನೆ. ಒಡತಿ ದೋನ್ಯಾ ಒಬ್ದೂಲಿಯಾ ಕೂಡ ಹೊಸ ಗಿರಾಕಿಗಳೆದುರು ಅವರನ್ನು ಕೋಟಿನ ಸಮೇತ ತೋರಿಸುತ್ತಿದ್ದಳು.

ನನಗಂತೂ ಅವರು ಹೆಚ್ಚಿನವರು. ನಾಲ್ಕು ತಿಂಗಳ ಕೂಸನ್ನು ಕಟ್ಟಿಕೊಂಡು ಕೆಲಸ ಕೇಳಲು ಹೋದವಳನ್ನು ಒಡತಿ ಬಾಗಿಲಿನಿಂದಲೇ ಕಳಿಸುವವಳಿದ್ದಳು; "ಮಗು ಅಳುತ್ತೆ ನಿಜ. ತಪ್ಪು ಟೈಪ್ ಮಾಡಲ್ವಲ್ಲ," ಎಂದು ಹೇಳಿ ತಮ್ಮ ಮೇಜಿನ ಪಕ್ಕ ಜಾಗ ಮಾಡಿಸಿದವರು ಅವರು. ನನ್ನ ಅರಾಸೆಲಿ ಕಾಗದದ ಕಟ್ಟುಗಳ ಖಾಲಿ ಪೆಟ್ಟಿಗೆಯಲ್ಲಿ ಮಲಗಿ ಬೆಳೆದಳು. ಒಮ್ಮೆ ಅವಳ ಜನನಪತ್ರ ಕೇಳಿ ತೆಗೆದುಕೊಂಡು, ತಮ್ಮ ಕ್ರಮದಲ್ಲೇ ಓದಿ, ಹುಟ್ಟಿದ ದಿನ ನಾನು ಹೇಳಿದ್ದಕ್ಕಿಂತ ಒಂದು ದಿನ ಹಿಂದೆ ನಮೂದಾಗಿರುವುದನ್ನು ಕಂಡುಹಿಡಿದರು. ನಾನು ಹೋಗಲಿ ಬಿಡಿ ಎಂದೆ. ಅವರು ಬಿಡಲಿಲ್ಲ, ಅರ್ಧ ದಿನ ರಜೆ ಹಾಕಿ ನನ್ನ ಜೊತೆ ನೋಂದಣಿ ಕಚೇರಿಯ ಸಾಲಿನಲ್ಲಿ ನಿಂತು, ಗುಮಾಸ್ತನಿಗೆ ನಾಚಿಕೆಯಾಗುವಷ್ಟು ಸೌಜನ್ಯದಿಂದ ತಿದ್ದಿಸಿ ತಂದರು. ಹೆತ್ತವಳಿಗೆ ಬೇಡವಾದ ಒಂದು ದಿನವನ್ನು ನನ್ನ ಮಗಳಿಗೆ ದಕ್ಕಿಸಿಕೊಟ್ಟ ಮನುಷ್ಯ. ಇದನ್ನು ಇಲ್ಲಿ ಬರೆದಿಡದೆ ಮುಂದಿನದನ್ನು ಬರೆಯುವ ಹಕ್ಕು ನನಗಿಲ್ಲ.

ಮುಂದಿನದು ಮಾರ್ಚ್ ತಿಂಗಳ ಒಂದು ಗುರುವಾರ ನಡೆಯಿತು. ನಿಕಾನೊರ್ ಕಾರಿನ ವೈರುಗಳ ಸರಕು ಹಿಡಿದು ಹೋದವನು ಮಧ್ಯಾಹ್ನಕ್ಕೆ ಬರಬೇಕಿತ್ತು, ಬರಲಿಲ್ಲ. ಸೀಲಿನ ಸಂಖ್ಯೆ ಬೇರೆ ಎಂದು ಗೂಡಿನಲ್ಲಿ ತಡೆದರಂತೆ. ಲಾರಿಯನ್ನು ಕ್ಷಕಿರಣದ ಕೆಳಗೆ ಹಾಯಿಸಿದರು, ಮಾದಕವಸ್ತು ಮೂಸುವ ನಾಯಿ ಬಿಟ್ಟರು, ಒಂದೊಂದೇ ಪೆಟ್ಟಿಗೆ ಇಳಿಸಿ ಬಿಚ್ಚಿದರು. ವೈರುಗಳ ಹೊರತು ಏನೂ ಸಿಗಲಿಲ್ಲ. ಆದರೂ ಕಾರ್ಡು ಕಿತ್ತುಕೊಂಡು ಬರಿಗೈಯಲ್ಲಿ ಕಳಿಸಿದರು. ವಾರದ ಮೇಲೆ ಪತ್ರ ಬಂತು: ಸೀಲಿನ ಸಂಖ್ಯೆ ಬೇರೆಯಾದದ್ದು ಹೇಗೆಂದು ಪಟ್ಟಿ ಕಳಿಸಿದವರು ಮೂವತ್ತು ದಿನಗಳೊಳಗೆ ವಿವರಿಸಬೇಕು, ಅದನ್ನು ನೋಡಿ ಕಾರ್ಡಿನ ತೀರ್ಮಾನ. ಬರೆಯುವಾಗ ಆದ ತಪ್ಪು ಎಂದು ಆಧಾರ ಸಮೇತ ತೋರಿಸಿದರೆ ಕಾರ್ಡು ಮರಳಿ ಬರುವುದುಂಟು. ಈ ರಸ್ತೆಯ ಬೇರೆ ಕಂಪನಿಗಳಲ್ಲಿ ಎಷ್ಟೋ ಸಲ ಬಂದಿದೆ.

ನಾನು ಕಡತದಿಂದ ಕಾರ್ಖಾನೆಯ ಕಾಗದ ತೆಗೆದೆ. ಅಂದು ಬೋರಲು ಬಿದ್ದಿದ್ದು ಹಾಗೆಯೇ ಕಡತ ಸೇರಿದ್ದ ಕಾಗದ. ಅದರಲ್ಲಿನ ಸಂಖ್ಯೆಯೂ ಗೂಡಿನವರು ಸೀಲಿನ ಮೇಲೆ ಕಂಡ ಸಂಖ್ಯೆಯೂ ಒಂದೇ. ನಾವು ಕಳಿಸಿದ ಪಟ್ಟಿಯಲ್ಲಿ ಮಾತ್ರ ನಾಲ್ಕನೆಯ ಅಂಕಿ ಮೂರಿನ ಬದಲು ಎಂಟು.

"ದೋನ್ ಎವಾರಿಸ್ತೊ, ಇಲ್ನೋಡಿ. ನಿಕಾನೊರ್ ಬಚಾವಾದ," ಎಂದೆ.

ಅವರು ಕಾಗದ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳು ಕುಟ್ಟುತ್ತ ಓದಿದರು: "ನಾಲ್ಕು, ಸೊನ್ನೆ, ಏಳು, ಎಂಟು..."

"ಅದು ಮೂರು," ಎಂದೆ.

ಕಾಗದ ಹತ್ತಿರ ಬಂತು, ದೂರ ಹೋಯಿತು, ಮತ್ತೆ ಹತ್ತಿರ ಬಂತು. ಕನ್ನಡಕ ತೆಗೆದು ಸೀಲು ಒರೆಸುವ ಬಟ್ಟೆಯಿಂದಲೇ ಒರೆಸಿ ಹಾಕಿಕೊಂಡರು. ಆಮೇಲೆ ಅವರು ನೋಡಿದ್ದು ಕಾಗದವನ್ನಲ್ಲ, ನನ್ನ ಮುಖವನ್ನು. ಕೆಲವು ತಿಂಗಳಿಂದ ಪರದೆಗೆ ಮೂಗು ತಾಗುವಂತೆ ಕೂರುತ್ತಿದ್ದುದು, ಕಾಫಿಯ ಲೋಟಕ್ಕೆ ಕೈ ಚಾಚಿ ಒಮ್ಮೆ ಗಾಳಿಯನ್ನೇ ಹಿಡಿದದ್ದು, ಎಲ್ಲವೂ ನನಗೆ ಆ ಗಳಿಗೆಯಲ್ಲಿ ಒಟ್ಟಾಗಿ ಅರ್ಥವಾಯಿತು; ಅರ್ಥವಾದದ್ದು ಅವರಿಗೂ ಅರ್ಥವಾಯಿತು.

"ಕಾಗದ ಬೇರೆಯವರ ಕಣ್ಣು, ಮಗಳೇ. ಸೀಲು ನಾನು ಕಣ್ಣಾರೆ ಕಂಡಿದೀನಿ."

"ಕಣ್ಣು ಒಂದ್ಸಲ ಡಾಕ್ಟರಿಗೆ..."

"ಬರ್ಕೋ," ಎಂದರು.

ಅವರು ಹೇಳಿದರು, ನಾನು ಟೈಪು ಮಾಡಿದೆ. 'ಸದರಿ ಸೀಲನ್ನು ನಮ್ಮ ಅಂಗಳದಲ್ಲಿ ನಾನೇ ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ಅಂಕಿ ಅಂಕಿಯಾಗಿ ಓದಿ, ಓದಿದ್ದನ್ನೇ ಪಟ್ಟಿಯಲ್ಲಿ ದಾಖಲಿಸಿದ್ದೇನೆ. ಹನ್ನೊಂದು ವರ್ಷಗಳಿಂದ ನನ್ನ ಕ್ರಮ ಇದೇ.' ಇಷ್ಟೇ. ನಿಕಾನೊರನ ಹೆಸರಿಲ್ಲ, ಆಪಾದನೆಯಿಲ್ಲ, ಒಂದು ಸುಳ್ಳು ವಾಕ್ಯವೂ ಇಲ್ಲ. ಓದಿದವರಿಗೆ ಮಾತ್ರ ಒಂದೇ ಅರ್ಥ ಹೊಳೆಯುತ್ತದೆ: ಅಂಗಳದಲ್ಲಿ ಇದ್ದ ಸೀಲು ಸೇತುವೆಯಲ್ಲಿ ಇರಲಿಲ್ಲ, ನಡುವೆ ಇದ್ದವನು ಚಾಲಕ. ಕಾರ್ಖಾನೆಯ ಕಾಗದವನ್ನು ಅವರು ನಾಲ್ಕಾಗಿ ಮಡಚಿದರು. ಅದು ಕಡತಕ್ಕೆ ಮರಳಲಿಲ್ಲ.

ನಾನು ಒಡತಿಯ ಬಳಿ ಹೋಗಬಹುದಿತ್ತು. ಕಾರ್ಖಾನೆಗೆ ಫೋನು ಮಾಡಿ ಇನ್ನೊಂದು ಪ್ರತಿ ತರಿಸಬಹುದಿತ್ತು. ಅವರು ಕಂಪನಿ ಕೇಳಿದರೆ ಕೊಡುತ್ತಾರೆ. ನಿಕಾನೊರ್ ತಾನಾಗಿ ಕಾರ್ಖಾನೆಗೆ ಹೋಗಿ ಕೇಳಿದಾಗ ಗೇಟಿನವನು, "ನಿಮ್ ಆಫೀಸಿಂದ ಬರೆಸ್ಕೊಂಡ್ ಬಾರಯ್ಯ," ಎಂದು ಕಳಿಸಿದ್ದನಂತೆ. ನಾನು ಬರೆಯಲಿಲ್ಲ. ನನಗೆ ಜಾಗ ಕೊಟ್ಟವರು, ಮಗಳಿಗೆ ದಿನ ಕೊಟ್ಟವರು, ಕಣ್ಣು ಹೋಗಿದೆ ಎಂದು ತಿಳಿದರೆ ನಾಳೆಯೇ ಮನೆಗೆ ಹೋಗುವವರು. ಅವರು ಹೋದರೆ ಮಗು ಕಟ್ಟಿಕೊಂಡವಳೂ ಹಿಂದೆಯೇ. ಇದನ್ನು ಬರೆಯುವಾಗ ನನ್ನ ದಿನಚರಿಯಲ್ಲಿ ಆ ಪತ್ರ ಟೈಪು ಮಾಡಿದ ದಿನದ ಪುಟ ತೆಗೆದು ನೋಡಿದೆ. ಅರಾಸೆಲಿಗೆ ಎರಡನೆಯ ಹಲ್ಲು ಬಂತು, ಜ್ವರವಿಲ್ಲ, ಎಂದಿದೆ. ಬೇರೇನೂ ಇಲ್ಲ.

ಕಾರ್ಡು ರದ್ದಾಯಿತು. ಒಡತಿ ದೊಡ್ಡ ಮನಸ್ಸು ಮಾಡಿ ನಿಕಾನೊರನಿಗೆ ಅಂಗಳದಲ್ಲಿ ಟ್ರೇಲರ್ ತೊಳೆಯುವ ಕೆಲಸ ಕೊಟ್ಟಳು. ಹೆಣ್ಣುಮಕ್ಕಳಿಗೆ ಮದುವೆಯಷ್ಟೇ ಸಡಗರದಿಂದ ಮಾಡುವ ಹದಿನೈದನೆಯ ಹುಟ್ಟುಹಬ್ಬಕ್ಕೆಂದು ಎರಡನೆಯ ಮಗಳಿಗಾಗಿ ಹಿಡಿದಿದ್ದ ಛತ್ರವನ್ನು ಅವನು ಬಿಟ್ಟುಕೊಟ್ಟು ಮನೆಯ ಹಿತ್ತಿಲಿನಲ್ಲೇ ನಾಲ್ಕು ಜನರಿಗೆ ಬಡಿಸಿದ. ದೋನ್ ಎವಾರಿಸ್ತೊ ಪತ್ರ ಕಳಿಸಿದ ಮರುದಿನದಿಂದ ಅಂಗಳಕ್ಕೆ ಇಳಿಯಲಿಲ್ಲ. ಮೊಣಕಾಲು ನೋವೆಂದರು. ನಾನು ಹೋಗಿ ಸೀಲು ಓದಿ ಬಂದು ಹೇಳುವೆ, ಅವರು ಕೇಳಿಸಿಕೊಂಡು ಟೈಪು ಮಾಡುವರು. ಹೀಗೆ ಏಳು ತಿಂಗಳು ಒಬ್ಬ ಮನುಷ್ಯ ಪ್ರತಿದಿನ ತನ್ನ ತಪ್ಪನ್ನು ಕಾಲಿನಿಂದ ಒಪ್ಪಿಕೊಳ್ಳುತ್ತ, ಬಾಯಿಂದ ಒಪ್ಪದೆ ಉಳಿದ.

ಅಕ್ಟೋಬರಿನಲ್ಲಿ ನಿವೃತ್ತರಾದರು. ಹಾಲಿನಲ್ಲಿ ನೆನೆಸಿದ ಕೇಕು, ದಾಲ್ಚಿನ್ನಿ ಕಾಫಿ, ಒಡತಿಯ ಭಾಷಣ. "ಹನ್ನೊಂದು ವರ್ಷ, ಒಂದು ತಪ್ಪಿಲ್ಲ," ಎಂದು ಅವಳು ಹೇಳಿದಾಗ ಚಾಲಕರು ಸಿಳ್ಳೆ ಹೊಡೆದರು. ನಾನು ಕೇಕು ಕತ್ತರಿಸಿ ಹಂಚುತ್ತಿದ್ದೆ. ನಿಕಾನೊರ್ ಒದ್ದೆ ಬೂಟಿನಲ್ಲೇ ಒಳಗೆ ಬಂದು ಅವರನ್ನು ಅಪ್ಪಿಕೊಂಡ. ಹೊಟ್ಟೆ ಕರಗಿತ್ತು, ಬಾಯಿಯೂ ಸ್ವಲ್ಪ.

"ನಿಮ್ಮನ್ನ ಬಯ್ದಷ್ಟು ನಮ್ಮಪ್ಪನ್ನೂ ಬಯ್ದಿಲ್ಲ, ದೋನ್ ಎವಾರಿಸ್ತೊ. ಮನಸ್ಸಲ್ಲಿ ಇಟ್ಕೋಬೇಡಿ."

"ಇಲ್ಲಪ್ಪ."

"ಬೇರೆ ಯಾರೇ ಪಟ್ಟಿ ಕಳ್ಸಿದ್ರೂ ಅವರದೇ ತಪ್ಪು ಅಂತ ಕುತ್ತಿಗೆ ಹಿಡೀತಿದ್ದೆ. ನೀವಲ್ವಾ, ತಪ್ಪಾಗಲ್ಲ. ಎಷ್ಟೋ ದಿನ ಯೋಚ್ನೆ ಮಾಡ್ದೆ. ಅವತ್ತು ಸೇತುವೆ ಸಾಲಲ್ಲಿ ಬಿಸಿಲಿಗೆ ಒಂದೈದು ನಿಮಿಷ ಕಣ್ ಮುಚ್ಚಿದ್ದೆ ಅನ್ಸುತ್ತೆ. ಆಗ್ಲೇ ಯಾವನೋ ಹಿಂದಿಂದ ಬಂದು ಸೀಲ್ ಬದಲಾಯ್ಸಿದಾನೆ. ನಂದೇ ತಪ್ಪು."

ತಟ್ಟೆ ನನ್ನ ಕೈಯಲ್ಲಿ ಹಾಗೆಯೇ ನಿಂತಿತು. ಈಗ ಹೇಳುತ್ತಾರೆ ಎಂದುಕೊಂಡೆ. ದೋನ್ ಎವಾರಿಸ್ತೊ ಅವನ ಭುಜ ತಡವಿ, ಬಹಳ ಮೃದುವಾಗಿ ಹೇಳಿದರು:

"ಸಾಲಲ್ಲಿ ಕಣ್ ಮುಚ್ಚಬಾರ್ದು, ನಿಕಾನೊರ್."

ಅವನು ತಲೆಯಾಡಿಸಿದ. ನಾನು ಅವನಿಗೆ ಕೇಕು ಕೊಟ್ಟೆ.

ಅವರು ಕೆಟ್ಟವರೆಂದು ಬರೆಯಲು ನನಗೆ ಇವತ್ತಿಗೂ ಲೇಖನಿ ಏಳುವುದಿಲ್ಲ. ತಪ್ಪೊಪ್ಪಿಕೊಳ್ಳುವುದೂ ಈಜಿನಂಥ ಒಂದು ವಿದ್ಯೆ ಎಂದು ಮಾತ್ರ ತೋರುತ್ತದೆ; ಆಳವಿಲ್ಲದ ನೀರಿನಲ್ಲಿ, ಹಾಲು ಚೆಲ್ಲಿದಾಗ, ಲೋಟ ಒಡೆದಾಗ, ತಿಂಗಳಿಗೊಮ್ಮೆ ಮುಳುಗೆದ್ದು ನಾವೆಲ್ಲ ಅದನ್ನು ಕಲಿತಿರುತ್ತೇವೆ. ಎಂದೂ ತಪ್ಪದವರು ಎನ್ನಿಸಿಕೊಂಡವರಿಗೆ ಆ ಅಭ್ಯಾಸವಿರುವುದಿಲ್ಲ. ಮೊದಲ ತಪ್ಪು ಎದುರಾಗುವ ಹೊತ್ತಿಗೆ ಅವರು ನಡುಹೊಳೆಯಲ್ಲಿರುತ್ತಾರೆ, ಕೈಗೆ ಸಿಕ್ಕ ಹೆಗಲನ್ನು ತುಳಿದು ಮೇಲೆ ಬರುತ್ತಾರೆ. ಅಂಥವರು ಊರಿಗೊಬ್ಬರು ಇರುತ್ತಾರೆ. ಅವರ ಕೀರ್ತಿಯನ್ನು ಕಾಯುವುದಕ್ಕೆ ಅವರೊಬ್ಬರೇ ಸಾಲುವುದಿಲ್ಲ. ತುಳಿಸಿಕೊಂಡೂ ಅದು ತನ್ನ ಹೆಗಲಿನ ದೋಷ ಎನ್ನುವವನೊಬ್ಬ ಬೇಕು, ದಡದಲ್ಲಿ ನಿಂತು ಎಲ್ಲ ಕಂಡು ಸುಮ್ಮನಿರುವವಳೊಬ್ಬಳು ಬೇಕು. ಅವರಿಬ್ಬರೂ ಯಾವ ಊರಿನಲ್ಲೂ ಸಿಗುತ್ತಾರೆ.