ಹಲ್ಲಕ್ಕನ ಸರದಿ

"ಬಿಡೋ ಅವಳ ಕೈ!"

ಲಿಫ್ಟ್ ಮೆಕ್ಯಾನಿಕ್ ಕೂಗಿದ ರಭಸಕ್ಕೆ ಅವನ ಭಾವಮೈದುನನ ಕೈಯಲ್ಲಿದ್ದ ಫೋನು ಜಾರಿ ಹಾಸಿಗೆಯ ಮೇಲೆ ಬಿತ್ತು. ಸತ್ತ ಅಕ್ಕನ ಹೆಬ್ಬೆರಳನ್ನು ಮಾತ್ರ ಅವನು ಇನ್ನೂ ಬಿಟ್ಟಿರಲಿಲ್ಲ. ಬೆರಳು ಒತ್ತಿದರೆ ಫೋನಿನ ಬೀಗ ತೆರೆಯುತ್ತದೆ ಎಂಬ ಲೆಕ್ಕಾಚಾರ ಅವನದು.

"ಒಂದೇ ನಿಮಿಷ ಭಾವ. ಇವರು ಅಕ್ಕನ ಜೊತೆ ಫೋನಲ್ಲಿ ಆಟ ಆಡ್ತಿದ್ದವರಂತೆ. ಏನೋ ಅರ್ಜೆಂಟ್ ಅಂತಿದಾರೆ."

"ಏನೋ ಅರ್ಜೆಂಟು? ಹೆಣದ ಕೈಲಿ ಆಟ ಆಡಿಸ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

ಹೆಣ ಎಂಬ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಮೆಕ್ಯಾನಿಕ್‌ಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಬಾಗಿಲ ಕಡೆ ತಿರುಗಿದ. ಬಂದವರು ಇಬ್ಬರು. ಒಬ್ಬರು ತಲೆ ಪೂರ್ತಿ ನೆರೆತ ನಿವೃತ್ತ ಮೇಷ್ಟ್ರು, ಇನ್ನೊಬ್ಬ ಔಷಧಿ ಅಂಗಡಿಯವನು. ಇಬ್ಬರೂ ಮಂಚಕ್ಕೆ ಬೆನ್ನು ಹಾಕಿ ನಿಂತಿದ್ದರು! ಸತ್ತವಳನ್ನು ನೋಡಲು ಬಂದವರು ಗೋಡೆ ನೋಡಿಕೊಂಡು ನಿಂತಿದ್ದಾರೆ. ಮುಖ ನೋಡುವುದಕ್ಕೂ ಬೇಡವಾಗಿದ್ದರೆ ಬರುವುದಾದರೂ ಯಾಕೆ?

"ಸಾರ್, ಸಂಜೆಯೊಳಗೆ ಹಲ್ಲಕ್ಕನ ಸರದಿ..." ಎಂದು ಔಷಧಿ ಅಂಗಡಿಯವನು ಗೋಡೆಗೇ ಹೇಳಿದ.

"ಯಾವ ಹಲ್ಲಕ್ಕ?"

ಕೇಳಿದ ಮೇಲೆ ಅವನಿಗೆ ತಾನಾಗೇ ಹೊಳೆಯಿತು. ಹೆಂಡತಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ನಿನ್ನೆ ಮಧ್ಯಾಹ್ನ ಪಾಲಿಶ್ ಯಂತ್ರದ ಮುಂದೆ ಕೂತಲ್ಲೇ ಕುಸಿದವಳು ಮತ್ತೆ ಏಳಲಿಲ್ಲ. ಯಾರದೋ ಕೆಳದವಡೆ ಅರ್ಧ ತಿಕ್ಕಿದ್ದು ಹಾಗೇ ಉಳಿಯಿತು. ಮನೆಯಲ್ಲಿ ಅವಳನ್ನು ಕರೆಯಲು 'ಏ' ಇತ್ತು, 'ಕೇಳಿಸ್ತಾ' ಇತ್ತು. ಹೊರಗೆ ಅವಳಿಗೆ ಬೇರೆಯೇ ಒಂದು ಹೆಸರಿತ್ತೆಂಬುದು ಅವನಿಗೆ ಇವತ್ತೇ ಗೊತ್ತಾದದ್ದು.

"ಕೈ ಮುಗೀತೀನಿ, ಇಂಥ ದಿನ ಆಟದ ಮಾತು ಎತ್ತಬೇಡಿ" ಎಂದು ಫೋನನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಹೆಂಡತಿಯ ಕೈಯನ್ನು ಹೊದಿಕೆಯ ಒಳಗೆ ಸೇರಿಸಿ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದ. ಅಷ್ಟರಲ್ಲಿ ಕೆಳಗೆ ಗಾಡಿ ಬಂದು ನಿಂತ ಸದ್ದಾಯಿತು.

*

ಆ ಆಟ ಮನೆಗೆ ಬಂದದ್ದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಜೊತೆ. ಮಾರಿದವರು ಒಳಗೆ ಒಂದು ಯುದ್ಧದಾಟದ ಸಿ.ಡಿ. ಮರೆತು ಬಿಟ್ಟಿದ್ದರು. ಮೊದಲ ದಿನ ಅವಳು ಗಂಡನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಯುದ್ಧ ಯಾವಾಗ?" ಎಂದು ಅವನು ಕೇಳಿದ.

"ಇರ್ರೀ, ಮೊದಲು ಮರ ಕಡೀಬೇಕು."

ಮರ ಕಡಿದಾಯಿತು. "ಈಗ?"

"ಈಗ ಹೊಲ. ಹೊಟ್ಟೆಗಿಲ್ದೆ ಯಾವನ್ರೀ ಬಡಿದಾಡ್ತಾನೆ?"

ಪರದೆಯ ಮೇಲೆ ಪೈರು ಹಸಿರಾಗುವ ಹೊತ್ತಿಗೆ ಅವನು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ದಿನವಿಡೀ ಲಿಫ್ಟಿನ ಅಡಿಯ ಗುಂಡಿಗಳಿಗಿಳಿದು ಗ್ರೀಸು ಮೆತ್ತಿಕೊಂಡು ಬಂದ ಮನುಷ್ಯ, ಪಾಪ, ಇನ್ನೇನು ಮಾಡಿಯಾನು? ಅವಳು ಎಬ್ಬಿಸಲಿಲ್ಲ. ಆಮೇಲೆ ಯಾವತ್ತೂ ಕರೆಯಲೂ ಇಲ್ಲ.

ವರ್ಷಗಳು ಕಳೆದ ಮೇಲೆ ಆಟ ಫೋನಿಗೆ ಬಂತು, ಅವಳ ತಲೆಗೆ ಹೆಡ್‌ಫೋನ್ ಬಂತು. ಅಡುಗೆಮನೆಯಿಂದ ಅವಳ ಮಾತು ಕೇಳಿಸುತ್ತಿತ್ತು. "ನೀವು ನೆಮ್ಮದಿಯಾಗಿ ಮಲಗಿ ಮೇಷ್ಟ್ರೇ. ಉತ್ತರದ ಬಾಗಿಲು ನನ್ನ ಜವಾಬ್ದಾರಿ."

ಒಂದು ದಿನ ಅವನು ರೇಗಿಯೇಬಿಟ್ಟ. "ಯಾರದೋ ಬಾಗಿಲು ಕಾಯೋಕೆ ಪುರುಸೊತ್ತಿದೆ. ನನ್ನ ಅಂಗಿ ಗುಂಡಿ ಕಿತ್ತು ಎಷ್ಟು ದಿನ ಆಯ್ತು!"

"ನಿಮ್ಮ ಅಂಗಿ ಮೇಲೆ ಯಾರೂ ದಂಡೆತ್ತಿ ಬರಲ್ಲ ಕಣ್ರೀ" ಎಂದು ನಕ್ಕು, ಹೆಡ್‌ಫೋನ್ ತೆಗೆಯದೆಯೇ ಕೂತು ಗುಂಡಿ ಹಾಕಿಕೊಟ್ಟಳು.

ಅವನಿಗೆ ಹೊಟ್ಟೆಕಿಚ್ಚು. ಯಾವುದಾದರೂ ಗಂಡಸಿನ ವಿಷಯವಾಗಿದ್ದರೆ ನೇರವಾಗಿ ಜಗಳ ತೆಗೆಯಬಹುದಿತ್ತು. ಇಲ್ಲದ ಊರಿನ ಇಲ್ಲದ ಬಾಗಿಲಿನ ವಿಷಯಕ್ಕೆ ಯಾರ ಹತ್ತಿರ ಹೋಗಿ ಜಗಳವಾಡುವುದು? ಸುಮ್ಮನಾದ. ಹಾಗೆ ಸುಮ್ಮನಾಗುವುದೇ ರೂಢಿಯಾಗಿ ಹೋಯಿತು.

*

ವಿದ್ಯುತ್ ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿ ಆಗಿತ್ತು. ಇನ್ನು ಕಾಯುವುದೊಂದೇ ಕೆಲಸ. ನೆಂಟರು ನಲ್ಲಿಯ ಹತ್ತಿರ ಗುಂಪುಗೂಡಿದ್ದರು. ಮೆಕ್ಯಾನಿಕ್ ಒಬ್ಬನೇ ಸಿಮೆಂಟ್ ಬೆಂಚಿನ ಮೇಲೆ ಕೂತ. ಅವನ ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ಮತ್ತು ಔಷಧಿ ಅಂಗಡಿಯವನು. ಬೈಸಿಕೊಂಡರೂ ಇಬ್ಬರೂ ಗಾಡಿಯ ಹಿಂದೆಯೇ ಬಂದಿದ್ದರು. ಇಂಥ ಕಡೆ ಜನ ಸುಮ್ಮನಿರಲಾರದೆ ಏನಾದರೊಂದು ಮಾತಾಡುತ್ತಾರಲ್ಲ, ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು.

"ಹಳೇ ಆಟದಲ್ಲಿ ನಾವು ನೋಡದ ಜಾಗಕ್ಕೆಲ್ಲ ಮಂಜು ಕವಿದಿರ್ತಿತ್ತು, ಮಂಜು ಅಂದ್ರೆ ಮಂಜೇ ಕಣಯ್ಯ. ಗುಡ್ಡದ ಆಚೆ ಏನಿದೆ ನೋಡ್ಕೊಂಡು ಬಾ ಅಂತ ಒಬ್ಬನ್ನ ಕಳಿಸಿದ್ರೆ ಬಂದ್ರೆ ಬಂದ, ಇಲ್ಲಾಂದ್ರೆ ಇಲ್ಲ. ಈಗಿನದ್ರಲ್ಲಿ ಬಾಣ ಹಾಕಿ ತೋರಿಸ್ತಾರೆ, ಇಲ್ಲಿ ಹೋಗು, ಅಲ್ಲಿ ಒತ್ತು ಅಂತ. ಆಟ ನಾವು ಆಡ್ತೀವೋ, ಅದೇ ನಮ್ಮನ್ನ ಆಡಿಸುತ್ತೋ?"

"ನೀವು ಯಾವಾಗ್ಲೂ ಹಿಂಗೇ ಮೇಷ್ಟ್ರೇ. ಹಳೇದ್ರಲ್ಲಿ ಕಂಪ್ಯೂಟರ್ ಶುದ್ಧ ಪೆದ್ದು. ಪಕ್ಕದಲ್ಲೇ ಸೇತುವೆ ಇದ್ರೂ ಅದರ ಸೈನ್ಯ ನದಿ ದಡದಲ್ಲಿ ಗೋಡೆಗೆ ಹಾಯ್ದಂಗೆ ಹಾಯ್ತಾ ಇರ್ತಿತ್ತು. ಈಗ ನೋಡಿ, ಗಿರಾಕಿಗೆ ಚಿಲ್ಲರೆ ಕೊಡೋದ್ರೊಳಗೆ ನಮ್ಮ ಮೂರು ದಾರಿ ಲೆಕ್ಕ ಹಾಕಿರುತ್ತೆ."

"ಪೆದ್ದಾಗಿದ್ದೇ ವಾಸಿ ಇತ್ತು. ಸೋತ್ರೂ ಮನುಷ್ಯರ ಕೈಲಿ ಸೋತ್ವಿ ಅನ್ನೋ ಸಮಾಧಾನ ಇತ್ತು."

"ಹಲ್ಲಕ್ಕನೂ ಅದನ್ನೇ ಅಂತಿದ್ರು."

ಆ ಹೆಸರು ಕೇಳಿದ್ದೇ ಮೆಕ್ಯಾನಿಕ್ ತಿರುಗಿ ಕೂತ. ಬೆಳಿಗ್ಗೆಯಿಂದ ಮನಸ್ಸನ್ನು ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟ.

"ಮನೇಲಿ ಅವಳಿಗೆ ಬೆನ್ನು ಹಾಕಿ ನಿಂತಿದ್ರಲ್ಲ, ಯಾಕೆ?"

ಮೇಷ್ಟ್ರು ತಬ್ಬಿಬ್ಬಾದರು. "ಅಯ್ಯೋ, ತಪ್ಪು ತಿಳೀಬೇಡಿ ಸಾರ್. ಮೊದಮೊದಲು ಮೂರು ಜನವೂ ಒಟ್ಟಿಗೆ ಆಡ್ತಿದ್ದದ್ದು ಒಂದೇ ಕಂಪ್ಯೂಟರಲ್ಲಿ, ಇವನ ಅಂಗಡಿ ಹಿಂದಿನ ರೂಮಲ್ಲಿ. ಒಬ್ಬರ ಸರದಿ ಬಂದಾಗ ಉಳಿದಿಬ್ಬರು ಗೋಡೆ ಕಡೆ ತಿರುಗಬೇಕು. ಒಬ್ಬರ ಪರದೆ ಇನ್ನೊಬ್ಬರು ನೋಡಬಾರದು. ಹಲ್ಲಕ್ಕನೇ ಮಾಡಿದ ನಿಯಮ ಅದು. ಗೋಡೆಗೆ ಜೋಡಿಸಿದ್ದ ಕೆಮ್ಮಿನ ಸಿರಪ್ಪಿನ ಡಬ್ಬಿ ಮೇಲೆ ಬರೆದಿದ್ದೆಲ್ಲ ನನಗೆ ಬಾಯಿಪಾಠ ಆಗ್ಬಿಟ್ಟಿತ್ತು. ಇವತ್ತು ಅವರ ಫೋನ್ ತೆಗೀತಾರೆ ಅಂದ ಕೂಡ್ಲೇ ಮೈ ತಾನೇ ತಿರುಗ್ತು."

ಮೆಕ್ಯಾನಿಕ್‌ಗೆ ನೆನಪಾಯಿತು. ಲ್ಯಾಬಿನಿಂದ ಬರುವಾಗ ತಲೆನೋವಿನ ಮಾತ್ರೆ ತರುತ್ತೇನೆಂದು ಹೋಗಿ ಅವಳು ತಡವಾಗಿ ಬರುತ್ತಿದ್ದ ಕಾಲವೊಂದಿತ್ತು. ಇಷ್ಟೊಂದು ತಲೆನೋವು ಯಾಕೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

"ಸಂಜೆಯೊಳಗೆ ಏನೋ ಅಂದ್ರಿ. ಏನದು?"

ಔಷಧಿ ಅಂಗಡಿಯವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಹೇಳು ಎಂಬಂತೆ ತಲೆಯಾಡಿಸಿದರು.

"ದಿನಕ್ಕೊಂದು ನಡೆ ಸಾರ್. ಸರದಿ ಬಂದವರು ಆಡದೇ ಹೋದ್ರೆ, ಹೊತ್ತು ಮುಳುಗ್ತಿದ್ದ ಹಾಗೆ ಅವರ ಜಾಗದಲ್ಲಿ ಕಂಪ್ಯೂಟರ್ ಬಂದು ಕೂತ್ಕೊಳ್ಳುತ್ತೆ."

"ಕೂತ್ಕೊಳ್ಲಿ. ಅದಕ್ಕೇನು?"

"ಅವರ ಹೆಸರಲ್ಲೇ ಕೂರುತ್ತೆ ಸಾರ್. ಬಾವುಟ ಅವರದೇ, ಸೈನ್ಯ ಅವರದೇ, ಹೆಸರೂ ಅವರದೇ. ಬುದ್ಧಿ ಮಾತ್ರ ಅದರದು. ಅದಕ್ಕೆ ಇವರು ನಮ್ಮವರು, ಇವರು ಹೊರಗಿನವರು ಅಂತ ಏನೂ ಇಲ್ಲ. ಯಾರ ಮೇಲೆ ಸುಲಭವೋ ಅವರ ಮೇಲೆ ಬೀಳುತ್ತೆ."

"ಅವಳು ಹೋಗಿಬಿಟ್ಟಳು ಅಂತ ಹೇಳಿ ಅದಕ್ಕೆ."

"ಯಾರಿಗೆ ಸಾರ್ ಹೇಳೋದು? ಆಟ ಹೂಡಿದ್ದು ಅಕ್ಕ. ನಿಲ್ಲಿಸೋದು ಅವರ ಫೋನಿಂದ ಮಾತ್ರ ಆಗುತ್ತೆ. ನಾವು ಆಡೋಕೆ ಅಂತ ಬಂದಿರ್ಲಿಲ್ಲ. ನಿಲ್ಲಿಸಿ ಅಂತ ಕೇಳೋಕೆ ಬಂದಿದ್ವಿ. ಅವರ ಹೆಸರು ಅಲ್ಲಿಗೇ ನಿಲ್ಲಲಿ ಅಂತ."

ಮೆಕ್ಯಾನಿಕ್ ಜೇಬಿನ ಮೇಲೆ ಕೈಯಿಟ್ಟುಕೊಂಡ. ಫೋನು ಅಲ್ಲೇ ಇತ್ತು. ಆಮೇಲೆ ಕಬ್ಬಿಣದ ಬಾಗಿಲನ್ನು ನೋಡಿದ. ಅದರ ಹಿಂದೆ ಯಂತ್ರ ಒಂದೇ ಸಮ ಗುಂಯ್‌ಗುಡುತ್ತಿತ್ತು.

"ಬೆಳಿಗ್ಗೇನೇ ಬಿಡಿಸಿ ಹೇಳಬಾರದಿತ್ತಾ?" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಬಾಯಿ ತೆರೆಯಲು ಬಿಡದಿದ್ದವನು ತಾನೇ ಅಲ್ಲವೇ?

"ತಣ್ಣಗಾದ ಬೆರಳನ್ನ ಫೋನು ಒಪ್ಪಲ್ಲ ಅಂತಾರೆ ಸಾರ್. ಒತ್ತಿದ್ರೂ ತೆರೀತಿರ್ಲಿಲ್ಲ ಬಿಡಿ" ಎಂದ ಔಷಧಿ ಅಂಗಡಿಯವನು. ಹಾಗೆ ಹೇಳುವಾಗ ಅವನು ನೆಲ ನೋಡುತ್ತಿದ್ದ. ಮೇಷ್ಟ್ರು ಕನ್ನಡಕ ತೆಗೆದು, ಒರೆಸುವಂಥದ್ದೇನೂ ಇಲ್ಲದಿದ್ದರೂ ಒರೆಸತೊಡಗಿದರು. ಅದು ಸಮಾಧಾನದ ಮಾತೆಂದು ಮೂವರಿಗೂ ಗೊತ್ತಿತ್ತು.

*

ಮನೆಗೆ ಬಂದವನೇ ಕೈಕಾಲು ತೊಳೆಯುವುದನ್ನೂ ಬಿಟ್ಟು ಭಾವಮೈದುನನನ್ನು ಪಕ್ಕದಲ್ಲಿ ಕೂರಿಸಿಕೊಂಡ.

"ಬೆರಳಿಲ್ದೆ ತೆಗೆಯೋಕೆ ಆಗುತ್ತಲ್ವೇನೋ?"

"ನಾಲ್ಕು ಅಂಕಿ ಗೊತ್ತಿದ್ರೆ ಆಗುತ್ತೆ ಭಾವ."

ಅವಳು ಹುಟ್ಟಿದ ವರ್ಷ ಹಾಕಿದರು, ತಪ್ಪು. ಮದುವೆಯಾದ ವರ್ಷ, ತಪ್ಪು. ಮನೆ ನಂಬರು, ಲ್ಯಾಬಿನ ಫೋನಿನ ಕೊನೆಯ ಅಂಕಿಗಳು, ಎಲ್ಲ ತಪ್ಪು. ಒಂದೊಂದು ತಪ್ಪಿಗೂ ಫೋನು ಇನ್ನಷ್ಟು ಹೊತ್ತು ಕಾಯಿಸುತ್ತಿತ್ತು.

"ನೀವೇ ಯೋಚನೆ ಮಾಡಿ ಭಾವ. ಅಕ್ಕನಿಗೆ ಇಷ್ಟವಾದ ನಂಬರು ಅಂತ ಯಾವುದಾದ್ರೂ ಇತ್ತಾ?"

ಅವನು ಯೋಚನೆ ಮಾಡಿದ. ಎಷ್ಟು ತಲೆ ಕೆರೆದುಕೊಂಡರೂ ಏನೂ ಹೊಳೆಯಲಿಲ್ಲ. ಮಹಡಿಗಳ ಮಧ್ಯೆ ಲಿಫ್ಟು ನಿಂತು ಒಳಗಿನವರು ಅಳುತ್ತಿದ್ದರೆ, ಹೆದರಬೇಡಿ, ಬಂದೆ ಎಂದು ಹೊರಗಿನಿಂದ ಕೀಲಿ ತಿರುಗಿಸಿ ಬಾಗಿಲು ತೆಗೆಯುವವನು ಅವನು. ಎಷ್ಟು ಜನ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದರೋ! ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವಳ ನಾಲ್ಕು ಅಂಕಿ ಅವನಿಗೆ ಗೊತ್ತಿರಲಿಲ್ಲ.

ಕೊನೆಗೆ ಫೋನು, ನಾಳೆ ಪ್ರಯತ್ನಿಸಿ ಎಂದು ತೋರಿಸಿ ಕಪ್ಪಾಯಿತು.

"ನಾಳೆ ತಗೊಂಡು ಏನು ಮಾಡ್ಲೋ?" ಎಂದು ಅವನು ಆ ಗಾಜನ್ನೇ ಕೇಳಿದ. ಮುಖ ಮುಚ್ಚಿಕೊಂಡು, ನೆಂಟರು ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಗಟ್ಟಿಯಾಗಿ ಅತ್ತ. ನಿನ್ನೆಯಿಂದ ಅವನು ಅತ್ತದ್ದು ಅದೇ ಮೊದಲು.

ಮೇಷ್ಟ್ರೂ ಔಷಧಿ ಅಂಗಡಿಯವನೂ ಬರುತ್ತೇವೆಂದು ಹೇಳಲು ಬಾಗಿಲ ಬಳಿ ನಿಂತಿದ್ದರು. ಅವನು ಕಣ್ಣೊರೆಸಿಕೊಂಡು ಎದ್ದು ಹೋಗಿ ಮೇಷ್ಟ್ರ ತೋಳು ಹಿಡಿದ. "ಹೋಗಬೇಡಿ. ಏನಾಗುತ್ತೆ ಅನ್ನೋದನ್ನ ನನಗೂ ತೋರಿಸಿ."

*

ಮೇಷ್ಟ್ರು ತಮ್ಮ ಫೋನನ್ನು ಮೇಜಿನ ಮೇಲಿಟ್ಟರು. ಔಷಧಿ ಅಂಗಡಿಯವನು ರೂಢಿಯಂತೆ ಗೋಡೆಯ ಕಡೆ ತಿರುಗಿದ.

"ಇವತ್ತು ತಿರುಗಬೇಡ ಮಾರಾಯ, ಬಾ" ಎಂದರು ಮೇಷ್ಟ್ರು.

ಪರದೆಯಲ್ಲಿ ಕಲ್ಲುಗೋಡೆಯ ಒಂದು ಪುಟ್ಟ ಊರು, ಮೇಷ್ಟ್ರದು. ಉತ್ತರದ ಬಾಗಿಲ ಹೊರಗೆ ಕುದುರೆ ಸವಾರರ ಸಾಲು, ಊರಿಗೆ ಬೆನ್ನು ಕೊಟ್ಟು, ದೂರದ ಗುಡ್ಡಗಳನ್ನು ನೋಡುತ್ತ ನಿಂತಿತ್ತು. ಪ್ರತಿ ಸವಾರನ ತಲೆಯ ಮೇಲೂ ಸಣ್ಣ ಅಕ್ಷರದಲ್ಲಿ ಒಂದೇ ಹೆಸರು, ಹಲ್ಲಕ್ಕ.

"ಇದೇನಾ ಆ ಉತ್ತರದ ಬಾಗಿಲು?"

"ಇದೇ. ನನ್ನ ಸೈನ್ಯವೆಲ್ಲ ದಕ್ಷಿಣದ ಗಡೀಲಿದೆ. ಈ ಕಡೆ ಗೋಡೆ ಮೇಲೆ ಒಂದಷ್ಟು ಬಿಲ್ಲುಗಾರರು, ಅಷ್ಟೇ. ಅಕ್ಕ ಇದಾರಲ್ಲ ಅಂತ ನಾನು ಈ ಕಡೆ ತಲೆ ಹಾಕಿದವನೇ ಅಲ್ಲ."

ಕಿಟಕಿಯ ಆಚೆ ಬೆಳಕು ಇಳಿಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸಾಲಿನ ತುದಿಯ ಕುದುರೆ ಅಲುಗಿತು. ನೋಡುತ್ತಿದ್ದಂತೆ ಇಡೀ ಸಾಲು ಹಿಂದಕ್ಕೆ ತಿರುಗಿ ಊರಿಗೆ ಮುಖ ಮಾಡಿತು.

"ಅಕ್ಕ ಬಂದ್ರು" ಎಂದರು ಮೇಷ್ಟ್ರು, ತಮಗೇ ತಿಳಿಯದಂತೆ.

"ಅವರಲ್ಲ ಅದು!" ಎಂದ ಔಷಧಿ ಅಂಗಡಿಯವನು. "ತಡೆಯೋಕೆ ಆಟ ಸ್ವಲ್ಪ ಹೊತ್ತು ಕೊಡುತ್ತಲ್ಲ, ಬಿಲ್ಲುಗಾರರಿಗೆ ಹೇಳಿ. ಹೊಡೀರಿ ಮೇಷ್ಟ್ರೇ!"

"ಅವರಲ್ಲ ಅಂತ ನನಗೂ ಗೊತ್ತಯ್ಯ. ಆದ್ರೂ ಆ ಹೆಸರಿನ ಮೇಲೆ ಬಾಣ ಬಿಡು ಅಂದ್ರೆ ಹೇಗೆ ಬಿಡ್ಲಿ?" ಮೇಷ್ಟ್ರು ಫೋನನ್ನು ಎತ್ತಿ ಮೆಕ್ಯಾನಿಕ್‌ನ ಅಂಗೈಯಲ್ಲಿಟ್ಟರು. "ನಿಮ್ಮ ಮನೆಯವರು ಸಾರ್. ನೀವೇ ಹೇಳಿ."

ಸವಾರರು ಬಾಗಿಲಿಗೆ ಬಂದು ಹಾಯ್ದರು. ಒಂದೊಂದು ಪೆಟ್ಟಿಗೂ ಫೋನು ಅವನ ಅಂಗೈಯಲ್ಲಿ ಮೆಲ್ಲಗೆ ಅದುರಿತು. ಬಡಿಯುತ್ತಿರುವವಳು ಅವಳಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು? ಅದುರುತ್ತಲೇ ಇತ್ತು. ತಡೆದುಕೊಳ್ಳಲು ಅವನಿಂದಾಗಲಿಲ್ಲ.

"ಬಾಗಿಲು ತೆಗೆಯೋಕೆ ಎಲ್ಲಿ ಒತ್ತಬೇಕು?"

"ತೆಗೆದ್ರೆ ಊರೇ ಹೋಗುತ್ತೆ ಸಾರ್" ಎಂದ ಔಷಧಿ ಅಂಗಡಿಯವನು.

"ಎಲ್ಲಿ ಅಂತ ಹೇಳಿ."

ಮೇಷ್ಟ್ರು ಬೆರಳು ಮಾಡಿ ತೋರಿಸಿದರು. ಅವನು ಒತ್ತಿದ.

ಬಾಗಿಲು ತೆರೆಯಿತು. ಕುದುರೆಗಳು ಒಂದರ ಹಿಂದೊಂದು ಒಳಗೆ ನುಗ್ಗಿದವು. ಮೊದಲು ಹೊತ್ತಿಕೊಂಡದ್ದು ಬಾಗಿಲ ಪಕ್ಕದ ಹುಲ್ಲಿನ ಮನೆ. ಹೊಗೆಯ ನಡುವೆ ಅವಳ ಹೆಸರುಗಳು ಓಣಿ ಓಣಿಗೆ ಹರಿದಾಡಿದವು. ಮೆಕ್ಯಾನಿಕ್ ಅವುಗಳಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟ. ಅದು ಬೆರಳಿನ ಅಡಿಯಿಂದ ಜಾರಿಕೊಂಡು ಮುಂದಿನ ಮನೆಗೆ ಬೆಂಕಿ ಇಡಲು ಹೋಯಿತು.