ತಮ್ಮ ಬಡಿದ ಬಾಗಿಲು

ಅಕ್ಕನ ಮೊದಲ ಆನ್‌ಲೈನ್ ಹೊಲಿಗೆ ಪಾಠ ಇನ್ನೇನು ಶುರುವಾಗಬೇಕಿತ್ತು. ಹೊಲಿಗೆ ಕೋಣೆಗೂ ವೈಫೈ ಸಿಗಲೆಂದು ಅವಳ ತಮ್ಮ ಅಲ್ಲಿನ ಗೋಡೆಗೆ ಆಕ್ಸೆಸ್ ಪಾಯಿಂಟ್ ಎಂಬ ಹೊಸ ಡಬ್ಬ ಬಿಗಿದಿದ್ದ. ಅದಕ್ಕೂ ರೂಟರಿಗೂ ಒಂದೇ ಐಪಿ ವಿಳಾಸವಿದ್ದರೆ ಎರಡೂ ಜುಟ್ಟು ಹಿಡಿದು ಜಗಳವಾಡುತ್ತವೆಂದು, ಲ್ಯಾಪ್‌ಟಾಪಿನಿಂದ ಅದಕ್ಕೆ ನೇರ ತಂತಿ ಸಿಕ್ಕಿಸಿ, ಆ ವಿಳಾಸ ಒತ್ತಿದರೆ ತೆರೆಯುವ ಸೆಟ್ಟಿಂಗ್ಸ್ ಪುಟದಲ್ಲಿ ವಿಳಾಸದ ಕೊನೆಯ ಅಂಕಿ ಬದಲಿಸಿ 'ಸೇವ್' ಒತ್ತಿದ. ಪುಟ ಮಾಯವಾಯಿತು. ಜಪ್ಪಯ್ಯ ಅಂದರೂ ಮರಳಿ ಬರಲಿಲ್ಲ.

"ಅಕ್ಕಾ, ಡಬ್ಬ ಕೆಟ್ಟೋಯ್ತು ಕಣೆ."

"'ಮೆಕ್ಯಾನಿಕ್ ಯಾಕೆ, ನಾನಿಲ್ವಾ!'" ಅಕ್ಕ ಅವನ ಬೆಳಗಿನ ಗತ್ತನ್ನೇ ಅಣಕಿಸಿದಳು. "ಏನ್ ಮಾಡ್ದೆ?"

"ವಿಳಾಸ ಬದಲಾಯಿಸ್ದೆ, ಅಷ್ಟೆ."

"ಈಗ ಯಾವ ವಿಳಾಸದಲ್ಲಿ ಹುಡುಕ್ತಿದ್ದೀಯ?"

ತಮ್ಮ ಪರದೆ ನೋಡಿದ. ಹಳೆಯದೇ ಇತ್ತು.

"ಅಯ್ಯೋ ಜಾಣ! ನೀನೇ ಮನೆ ಖಾಲಿ ಮಾಡಿಸಿ, ಅದೇ ಬಾಗ್ಲು ಬಡೀತಾ, ಒಳಗೆ ಯಾರೂ ಇಲ್ಲ ಅಂತ ಗೋಳಾಡ್ತಿದ್ದೀಯಲ್ಲೋ!"

ಹೊಸ ವಿಳಾಸ ಒತ್ತಿದ್ದೇ ತಡ, ಪುಟ ತೆರೆಯಿತು. ಆಕ್ಸೆಸ್ ಪಾಯಿಂಟಿನ ತಂತಿಯನ್ನು ರೂಟರಿಗೆ ಸಿಕ್ಕಿಸಿದಾಗ ಪರದೆಯಲ್ಲಿ ವಿದ್ಯಾರ್ಥಿನಿಯರ ಮುಖಗಳು ಒಂದೊಂದಾಗಿ ಮೂಡಿದವು.

ಅಕ್ಕ ಕತ್ತರಿ ಎತ್ತಿಕೊಂಡಳು. "ಮೊದಲ್ನೇ ಪಾಠ: ಅಳತೆ ಬದಲಾದ್ಮೇಲೆ ಹಳೇ ಗೆರೆ ಮೇಲೆ ಕತ್ತರಿ ಆಡಿಸ್ಬೇಡಿ. ಉದಾಹರಣೆಗೆ, ನನ್ನ ತಮ್ಮ..."

ತಮ್ಮ ಬಗ್ಗಿಕೊಂಡು ಕ್ಯಾಮೆರಾದ ಕಣ್ಣು ತಪ್ಪಿಸಿ ಹೊರಗೆ ಜಾರಿದ.